ಮೊಬೈಲಿನ ಬೋರ್ಡು ಬರೆಯುವವರು ಯಾರು?

ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಳಿದ ಹುಡುಗ ಈಗ ಅಂಗಡಿಯ ಬೋರ್ಡು ನೋಡುವುದಿಲ್ಲ, ಮೊಬೈಲು ನೋಡುತ್ತಾನೆ. ಗೂಗಲ್ ಮ್ಯಾಪಿನಲ್ಲಿ ಎರಡು ಸ್ಟಾರ್ ಕಂಡರೆ ಎದುರಿಗಿರುವ ಹೋಟೆಲನ್ನೂ ದಾಟಿ ಹೋಗುತ್ತಾನೆ!

ಕನ್ನಡದ ಯುವಕರೇ, ಬೀದಿಗಿಳಿದು ಹೋರಾಡಿದ್ದಕ್ಕೆ 2024ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯವಾಯಿತು. ಸಂತೋಷ. ಆದರೆ ಮೊಬೈಲಿನೊಳಗಿನ ಬೋರ್ಡು? ಅದನ್ನು ಬರೆಯುತ್ತಿರುವವರು ಯಾರೋ ದಾರಿಹೋಕರು. ನಮ್ಮ ಹೋಟೆಲಿನವರು, ಗ್ಯಾರೇಜಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ಹೆಸರು ತಪ್ಪು, ಫೋನ್ ನಂಬರು ಹಳೆಯದು, ತೆರೆದ ಅಂಗಡಿ 'ಮುಚ್ಚಿದೆ'! ಮೆಟ್ರೋ ಕಾಮಗಾರಿಗೆ ರಸ್ತೆ ಅಗೆದರೆ 'ಗಾಡಿ ನಿಲ್ಲಿಸಲು ಜಾಗವಿಲ್ಲ' ಎಂದು ಅಂಗಡಿಯವನಿಗೆ ಒಂದು ಸ್ಟಾರ್.

ಇದಕ್ಕೆಲ್ಲ ಮಾಲೀಕರೇ ಉತ್ತರ ಬರೆಯಬಹುದು. ಅಂಗಡಿ ತಮ್ಮದೆಂದು ನೋಂದಾಯಿಸಲು ಗೂಗಲ್ ಬಿಡಿಗಾಸೂ ಕೇಳುವುದಿಲ್ಲ. 'ಮಾಡಿಸಿಕೊಡುತ್ತೇವೆ' ಎಂದು ಸಾವಿರಗಟ್ಟಲೆ ಕೀಳುವವರನ್ನು ನಂಬಬೇಡಿ. ಸ್ಟಾರ್ ಕೊಳ್ಳುವುದಂತೂ ಬೇಡವೇ ಬೇಡ. ಕಾಸು ಕೊಟ್ಟು ಬರೆಸಿದ ಹೊಗಳಿಕೆಗೆ ಗೂಗಲ್ಲಿನ ನಿಯಮದಲ್ಲೇ ನಿಷೇಧವಿದೆ. ಸಿಕ್ಕಿಬಿದ್ದರೆ ಇದ್ದ ಮಾನವೂ ಹೋದೀತು.

ಒಂದು ಕಹಿ ಮಾತು. ಎಲ್ಲೋ ಭಾಷೆಯ ಜಗಳವಾದರೆ, ಕಾಲಿಡದ ಅಂಗಡಿಗೂ ಒಂದು ಸ್ಟಾರ್ ಒತ್ತುವ ಚಟ ನಮ್ಮವರಿಗೂ ಅಂಟಿದೆ. ನಾಳೆ ಅದೇ ಬಾಣ ನಮ್ಮ ಅಂಗಡಿಗಳತ್ತ ತಿರುಗುವುದಿಲ್ಲವೇ? ಹಾಗೆಂದು ಕನ್ನಡಿಗನ ಅಂಗಡಿಯೆಂದು ನೀರು ಕಾಫಿಯನ್ನು ಹೊಗಳಬೇಕಿಲ್ಲ. ನೀರೆಂದೇ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಯಜಮಾನರೇ, ನೀವು ಬೈದವನ ಮೇಲೆ ರೇಗಬೇಡಿ, ಮೊದಲು ಡಿಕಾಕ್ಷನ್ ಸರಿಮಾಡಿ.

ಈ ಭಾನುವಾರ ನಿಮ್ಮ ಬೀದಿಯ ಒಬ್ಬ ಅಂಗಡಿಯವರ ಪಕ್ಕ ಅರ್ಧ ಗಂಟೆ ಕೂತು, ಹೆಸರು, ಸಮಯ, ನಂಬರು ಎಲ್ಲವನ್ನೂ ಕನ್ನಡದಲ್ಲಿ ತಿದ್ದಿಸಿಕೊಡಿ.