ಜೀಪು ಅಂದ್ಮೇಲೆ ಸ್ಟೇರಿಂಗು ಆಡಲೇಬೇಕಾ?

"ಜೀಪು ಅಂದ್ಮೇಲೆ ಸ್ಟೇರಿಂಗು ಆಡ್ದೆ ಇದ್ದದಾ ಸಾ, ಬುಡಿ!"

ಯಳಂದೂರು, ಕೊಳ್ಳೇಗಾಲ, ಹನೂರು ಕಡೆ ಹಳೇ ಜೀಪಿನ ವಿಷಯ ಎತ್ತಿದರೆ ಈ ಮಾತು ಬಂದೇ ಬರುತ್ತೆ. ಹೇಳುವವರೂ ನಗ್ತಾರೆ, ಕೇಳುವವರೂ ನಗ್ತಾರೆ. ನನಗೆ ಮಾತ್ರ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಹಳೇ ಫೋರ್ ವೀಲ್ ಜೀಪಿನ ಸ್ಟೇರಿಂಗ್ ಸಡಿಲ ಆಗೋದು ಅದರ ಹುಟ್ಟುಗುಣ ಅಂತ ನಂಬಿಕೊಂಡು, ಎಲ್ಲಿ ಸವೆದಿದೆ ಅಂತ ಹುಡುಕೋದನ್ನೇ ಬಿಟ್ಟುಬಿಟ್ಟಿದ್ದೇವೆ. ಹುಡುಕಿದರೆ ಅರ್ಧ ಗಂಟೆಯಲ್ಲಿ ಸಿಗುತ್ತೆ. ಇವತ್ತು ಅದನ್ನೇ ಬರೀತೀನಿ, ಸ್ವಲ್ಪ ಗ್ರೀಸು ಮೆತ್ತಿಕೊಳ್ಳುತ್ತೆ, ಸಹಿಸಿಕೊಳ್ಳಿ :-)

ಬಯಲು ಸೀಮೆಯ ನೇರ ರಸ್ತೆಯಲ್ಲಾದರೆ ಸಡಿಲ ಸ್ಟೇರಿಂಗನ್ನು ಹೇಗೋ ಸಂಭಾಳಿಸಬಹುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಆಗಲ್ಲ. ಯಳಂದೂರು ಕಡೆಯಿಂದ ಹತ್ತಿದರೆ ತಿರುವಿನ ಮೇಲೆ ತಿರುವು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ತಿರುವಿನಾಚೆ ಆನೆ ನಿಂತಿರಬಹುದು. ಬ್ರೇಕು ಒತ್ತುತ್ತಲೇ ಚಕ್ರ ಹೇಳಿದ ಕಡೆಗೆ ಹೋಗಬೇಕು, ಅಂಗೈ ಅಗಲ ತಿರುಗಿಸಿದ ಮೇಲೆ ಯೋಚನೆ ಮಾಡಿ ಹೋಗೋದಲ್ಲ. ಅದೂ ಅಲ್ಲದೆ ಇಂಥ ಜೀಪಿನಲ್ಲಿ ಒಬ್ಬರೇ ಕೂತು ಹೋಗುವವರು ಯಾರು? ಪೋಡಿನಿಂದ ಆಸ್ಪತ್ರೆಗೆ ಹೊರಟ ಬಸುರಿ ಹೆಂಗಸು, ತೋಟದ ಆಳುಗಳು, ಹಿಂದೆ ಎರಡು ಮೂಟೆ. ಸವೆತಕ್ಕೆ ನಗೋದು ಅವರ ಪ್ರಾಣದ ಮೇಲೆ ನಗೋದೇ.

(ಬೆಟ್ಟದ ರಂಗನಾಥಸ್ವಾಮಿಗೆ ಭಕ್ತರು ದೊಡ್ಡ ತೊಗಲಿನ ಚಪ್ಪಲಿ ಮಾಡಿಸಿ ಒಪ್ಪಿಸ್ತಾರೆ, ಸ್ವಾಮಿ ಅದನ್ನು ಮೆಟ್ಟಿ ಕಾಡು ಸುತ್ತಿ ಸವೆಸ್ತಾನೆ ಅನ್ನೋದು ನಂಬಿಕೆ. ದೇವರ ಚಪ್ಪಲಿಗೇ ಹೊಸ ಜೊತೆ ಕೊಡುವ ಜನ ಜೀಪಿನ ಬುಷ್‌ಗೆ ಯಾಕೆ ಕೊಡಲ್ಲ?)

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೇ ನಿಯಮ ಸ್ಟೇರಿಂಗ್ ಬಗ್ಗೆಯೇ ಇರೋದು. ಆಟ 30 ಡಿಗ್ರಿ ಮೀರಬಾರದು ಅಂತ ಅದರಲ್ಲಿದೆ. ಗಡಿಯಾರದಲ್ಲಿ 12ರಿಂದ 1ಕ್ಕೆ ಎಷ್ಟೋ ಅಷ್ಟು. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು ಅಂತಲೂ ಇದೆ. ನನ್ನ ಕೇಳಿದರೆ ಬೆಟ್ಟದ ರಸ್ತೆಗೆ 30 ಡಿಗ್ರಿ ಅನ್ನೋದೇ ತೀರಾ ಧಾರಾಳ. ಎರಡು ಬೆರಳಿನಷ್ಟು ಆಟ ಹಳೇ ಬಾಕ್ಸಿಗೆ ಕ್ಷಮಿಸಬಹುದು, ಅದಕ್ಕಿಂತ ಜಾಸ್ತಿ ಆದರೆ ಕೆಳಗೆ ಮಲಗಲೇಬೇಕು. ರಬ್ಬರ್ ಟೋಪಿ ಬಿಡಿ, ಸ್ಪ್ಲಿಟ್ ಪಿನ್ ಇರಬೇಕಾದ ಜಾಗದಲ್ಲಿ ಬೈಂಡಿಂಗ್ ತಂತಿ ಸುತ್ತಿದ ಜೀಪುಗಳು ಎಷ್ಟು ಬೇಕು ನಿಮಗೆ?

ಕೆಳಗೆ ಮಲಗಿದ ಮೇಲೆ ಮೊದಲ ಪ್ರಶ್ನೆ: ಇದು ಯಾವ ಜೀಪು? ಆರ್‌ಸಿ ಪುಸ್ತಕ ಹೇಳೋದನ್ನು ನಂಬಬೇಡಿ, ಕಬ್ಬಿಣ ಹೇಳೋದನ್ನು ನಂಬಿ. 1945ರಲ್ಲಿ ಶುರುವಾದ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸೋದರಿಂದ ಹಿಡಿದು, ಲೈಸೆನ್ಸ್ ಮೇಲೆ ಸಿಜೆ-3ಬಿ ಮಾಡೋದು, ಆಮೇಲೆ ಎಂಎಂ540 ಇತ್ಯಾದಿ ಅಂತ ದಶಕಗಟ್ಟಲೆ ಒಂದೇ ವಂಶ ಬೆಳೆಸಿತು. ಅಮೆರಿಕದಲ್ಲಿ 1968ಕ್ಕೇ ಮುಗಿದ ಸಿಜೆ-3ಬಿ ನಮ್ಮಲ್ಲಿ ಎಷ್ಟೋ ವರ್ಷ ಓಡಿತು. ಹಾಗಾಗಿ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತೆ, ಕೂರದಿದ್ದರೆ ವೆಲ್ಡಿಂಗ್ ಕೂರಿಸುತ್ತೆ. ಹರಾಜಿನ ಎರಡು ಜೀಪು ಸೇರಿಸಿ ಒಂದು ಮಾಡಿದ್ದಕ್ಕೆ ಲೆಕ್ಕವೇ ಇಲ್ಲ.

ಗುರುತು ಹಿಡಿಯೋದು ಕಷ್ಟ ಇಲ್ಲ. ಹಿಂದೆ ಹೋಗಿ ಬಗ್ಗಿ ನೋಡಿ. ಡಿಫರೆನ್ಷಿಯಲ್ ಗುಂಡು ನಟ್ಟನಡುವೆ ಇರದೆ ಬಲಕ್ಕೆ ಸರಿದಿದ್ದರೆ, ಗೇರ್‌ಬಾಕ್ಸ್ ಹಿಂದಿನ ಟ್ರಾನ್ಸ್‌ಫರ್ ಕೇಸ್ ಡಾನಾ 18 ಜಾತಿಯದು. ಅದರಲ್ಲಿ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಎರಡೂ ಬಲಕ್ಕೆ ಬರುತ್ತವೆ. ಅಮೆರಿಕದ ಸಿಜೆಗಳಿಗೆ 1972ರಲ್ಲಿ ಡಾನಾ 20 ಬಂದಾಗ ಹಿಂದಿನ ಶಾಫ್ಟು ನಡುವಿಗೆ ಬಂತು. ಅಲ್ಲಿನವರು ಬರೆದ ರಿಪೇರಿ ಪುಸ್ತಕ ಹಿಡಿದು ನಮ್ಮ ಜೀಪು ಬಿಚ್ಚುವವರು ಎಡವೋದು ಇಲ್ಲೇ. ಮುಂದಿನ ಚಕ್ರದ ಒಳಗಡೆ ಆಕ್ಸಲ್ ತುದಿಯಲ್ಲಿ ದೊಡ್ಡ ಕಬ್ಬಿಣದ ಚೆಂಡು ಕಂಡರೆ ಅದು ಮುಚ್ಚಿದ ನಕಲ್. ಒಳಗೆ ಮೇಲೊಂದು ಕೆಳಗೊಂದು ಕಿಂಗ್ ಪಿನ್ ಬೇರಿಂಗ್ ಇರುತ್ತೆ.

ಇನ್ನು ಕ್ರೌನ್ ಪಿನಿಯನ್. ಬಿಚ್ಚದೇ ಹಲ್ಲು ಎಣಿಸುವ ಉಪಾಯ ಇದೆ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಇನ್ನೊಂದು ನೆಲದ ಮೇಲೇ ಇರಲಿ. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಹಳೇ ಜೀಪಿನಲ್ಲಿ ಅದು ಚಕ್ರ ಹಿಡಿಯಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದೆ ಶಾಫ್ಟನ್ನೇ ಹಿಡಿಯುತ್ತೆ. ಗೇರು ನ್ಯೂಟ್ರಲ್, ಟೂ ವೀಲ್. ಈಗ ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟು ಐದು ಸುತ್ತು, ಮೇಲೆ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ತಿರುಗಿದರೆ 5.38, ಅಂದರೆ 43ಕ್ಕೆ 8 ಹಲ್ಲು. ಐದಕ್ಕೆ ಸ್ವಲ್ಪ ಕಮ್ಮಿ ಬಂದರೆ 4.88. ಹೀಗೇ ಮುಂದಿನದನ್ನೂ ಎಣಿಸಿ. ಎರಡೂ ಒಂದೇ ಬರಬೇಕು.

ಬರದಿದ್ದರೆ? ಮುಂದೆ 5.38, ಹಿಂದೆ 4.88 ಇರುವ ಕಲಬೆರಕೆ ಜೀಪಿನಲ್ಲಿ ಫೋರ್ ವೀಲ್ ಹಾಕಿದರೆ ನೂರು ಮೀಟರಿಗೆ ಸುಮಾರು ಹತ್ತು ಮೀಟರ್ ಜಗಳ. ಈ ಜೀಪಿನಲ್ಲಿ ಮುಂದಿನ ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ಹಾಗಾಗಿ ಯಾವುದೋ ಚಕ್ರ ಜಾರಲೇಬೇಕು. ಸ್ಟೇರಿಂಗ್ ಕಲ್ಲಿನ ಹಾಗೆ ಆಗುತ್ತೆ, ಒದೆಯುತ್ತೆ. ಆಗ ಬಯ್ಗುಳ ತಿನ್ನೋದು ಪಾಪದ ಸ್ಟೇರಿಂಗ್ ಬಾಕ್ಸು! ಹಲ್ಲು ಸರಿ ಇದ್ದರೂ ಒಣ ಟಾರ್ ಮೇಲೆ ಫೋರ್ ವೀಲ್ ಹಾಕಿಕೊಂಡು ತಿರುವು ತಿರುಗಿಸಿದರೆ ಇದೇ ಕಥೆ. ಅದಕ್ಕೇ ನಾನು ಹೇಳೋದು, ಭಾಗ ಗುರುತಿಸದೆ ಸ್ಟೇರಿಂಗಿಗೆ ಕೈ ಹಾಕಬಾರದು.

ಈಗ ಆಟ ಹುಡುಕೋಣ. ಇಂಜಿನ್ ಆಫ್, ನಾಲ್ಕೂ ಚಕ್ರ ನೆಲದ ಮೇಲೆ. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಮೆಲ್ಲಗೆ ಎಡ ಬಲ ಆಡಿಸ್ತಾ ಇರಲಿ. ಇನ್ನೊಬ್ಬರು ಕೆಳಗೆ ಮಲಗಿ, ಸದ್ದು ಕೇಳಬೇಡಿ, ಒಂದೊಂದೇ ಜಾಯಿಂಟ್ ಮೇಲೆ ಬೆರಳಿಡಿ. ಬಾಕ್ಸಿನಿಂದ ಡ್ರಾಪ್ ಆರ್ಮ್, ಅಲ್ಲಿಂದ ಡ್ರ್ಯಾಗ್ ಲಿಂಕ್, ಅಲ್ಲಿಂದ ಮುಂದಿನ ಅಡ್ಡಪಟ್ಟಿಯ ನಡುವೆ ಒಂದು ಪಿನ್ ಮೇಲೆ ತಿರುಗುವ ಬೆಲ್ ಕ್ರ್ಯಾಂಕ್, ಅಲ್ಲಿಂದ ಎರಡು ಟೈ ರಾಡ್ ಎರಡು ಚಕ್ರಕ್ಕೆ. ಎಲ್ಲಿ ಒಂದು ಕಡೆ ಅಲುಗಿ ಇನ್ನೊಂದು ಕಡೆ ಸುಮ್ಮನೆ ಇರುತ್ತೋ ಅಲ್ಲೇ ಕಳ್ಳ. ವಿಲ್ಲಿಸ್ ವಂಶದಲ್ಲಿ ಬಹಳ ಸಲ ಸಿಕ್ಕಿಬೀಳೋನು ಬೆಲ್ ಕ್ರ್ಯಾಂಕೇ. ಕೆಸರು ನೀರು ನೇರ ಅದಕ್ಕೇ ಹೊಡೆಯುತ್ತೆ, ಗ್ರೀಸ್ ನಿಪ್ಪಲ್ ಇದ್ದರೂ ಯಾರೂ ಗ್ರೀಸ್ ಹೊಡೆಯಲ್ಲ.

ಆಮೇಲೆ ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ. ಆಟ ನಿಂತರೆ ಚಕ್ರದ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಕಿಂಗ್ ಪಿನ್ನಿಗೆ ತೆಳು ತಗಡಿನ ಶಿಮ್ ತೆಗೆದು ಬಿಗಿ ಮಾಡಬಹುದು, ಬೇರಿಂಗ್ ಕಚ್ಚಿದ್ದರೆ ಮಾತ್ರ ಹೊಸದೇ ಬೇಕು. ಲೀಫ್ ಸ್ಪ್ರಿಂಗಿನ ಶ್ಯಾಕಲ್ ಬುಷ್ ನೋಡೋದು ಮರೀಬೇಡಿ. ಆಕ್ಸಲ್ಲೇ ಅಡ್ಡಡ್ಡ ಓಡಾಡುತ್ತಿದ್ದರೆ ಮೇಲೆ ಎಷ್ಟು ಬಿಗಿ ಮಾಡಿದರೂ ಅಷ್ಟೇ.

ಇಷ್ಟೆಲ್ಲ ಬಿಟ್ಟು ಸಾಮಾನ್ಯವಾಗಿ ನಡೆಯೋದು ಏನು ಗೊತ್ತಾ? ಸ್ಟೇರಿಂಗ್ ಬಾಕ್ಸಿನ ಪಕ್ಕದ ಸ್ಕ್ರೂ ಅರ್ಧ ಸುತ್ತು ಬಿಗಿ, "ಆಯ್ತು ಸಾ". ನೇರ ರಸ್ತೆಯಲ್ಲಿ ಓಡಿಸಿ ನೋಡಿದರೆ ಭಲೇ ಅನ್ನಿಸುತ್ತೆ. ಆದರೆ ಬಾಕ್ಸು ಜಾಸ್ತಿ ಸವೆಯೋದು ನಡುವಿನಲ್ಲಿ, ಯಾಕಂದರೆ ಗಾಡಿ ಬಹುಪಾಲು ನೇರವಾಗೇ ಓಡುತ್ತೆ. ಎರಡು ಪಕ್ಕ ಸವೆದಿರಲ್ಲ. ನಡುವಿನ ಆಟ ಹೋಗುವಷ್ಟು ಬಿಗಿ ಮಾಡಿದರೆ ಪಕ್ಕದಲ್ಲಿ ಹಿಡ್ಕೊಳ್ಳುತ್ತೆ. ಪಕ್ಕ ಬೇಕಾಗೋದು ಎಲ್ಲಿ? ಬೆಟ್ಟದ ಹೇರ್‌ಪಿನ್ ತಿರುವಿನಲ್ಲಿ! ತಿರುಗಿಸಿದ ಸ್ಟೇರಿಂಗ್ ವಾಪಸ್ ಬರೋದೇ ಇಲ್ಲ. ಸಡಿಲ ಇದ್ದದ್ದೇ ವಾಸಿ ಇತ್ತು ಅನ್ನೋ ಹಾಗೆ. ಆ ಸ್ಕ್ರೂ ಮುಟ್ಟಬೇಕಾದ್ದು ಎಲ್ಲ ಜಾಯಿಂಟೂ ಸರಿ ಆದ ಮೇಲೆ, ಕಟ್ಟಕಡೆಗೆ. ಮುಟ್ಟಿದ ಮೇಲೆ ಮುಂದಿನ ಚಕ್ರ ಎತ್ತಿ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲೂ ಕಚ್ಚಬಾರದು.

ಪವರ್ ಸ್ಟೇರಿಂಗ್ ಹಾಕಿಸಿಬಿಡಿ ಅನ್ನುವವರೂ ಇದ್ದಾರೆ. ಸವೆದ ಬೆಲ್ ಕ್ರ್ಯಾಂಕ್ ಮೇಲೆ ಪವರ್ ಸ್ಟೇರಿಂಗ್ ಅಂದರೆ ಆಟ ಅಲ್ಲೇ ಇರುತ್ತೆ, ಕೈಗೆ ಗೊತ್ತಾಗೋದು ನಿಲ್ಲುತ್ತೆ ಅಷ್ಟೇ. ಅದಕ್ಕೆ ಸುರಿಯುವ ದುಡ್ಡಿನ ಒಂದು ಪಾಲಿನಲ್ಲಿ ಬುಷ್, ಪಿನ್ನು, ನಾಲ್ಕು ಟೈ ರಾಡ್ ಎಂಡ್ ಎಲ್ಲ ಬರುತ್ತೆ. ಮೆಕ್ಯಾನಿಕ್‌ಗಳನ್ನೇ ಬಯ್ದು ಪ್ರಯೋಜನ ಇಲ್ಲ. ಅರ್ಧ ಗಂಟೆ ಮಲಗಿ ಹುಡುಕಿದ್ದಕ್ಕೆ ಯಾರೂ ಕಾಸು ಬಿಚ್ಚಲ್ಲ, ಹೊಸ ಸಾಮಾನು ಕಣ್ಣಿಗೆ ಕಂಡರೆ ಮಾತ್ರ ಬಿಚ್ತೀವಿ. ಹುಡುಕಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ ಅಂತ ಜೀಪು ಇಟ್ಟುಕೊಂಡ ಗೆಳೆಯರಿಗೆಲ್ಲ ಹೇಳ್ತಾ ಇರ್ತೀನಿ.

ಅಂದ ಹಾಗೆ, ಈ ಬೆಲ್ ಕ್ರ್ಯಾಂಕಿಗೆ ನಿಮ್ಮೂರ ಗ್ಯಾರೇಜಿನಲ್ಲಿ ಏನಂತಾರೆ? ಮಲೆನಾಡು ಕಡೆಯವರು, ಕೊಡಗಿನವರು ದಯವಿಟ್ಟು ತಿಳಿಸಿ.