ಒಡೆಯುವ ರಕ್ತನಾಳ, ಸಿದ್ಧವಿಲ್ಲದ ವ್ಯವಸ್ಥೆ

ಹೊಟ್ಟೆಯೊಳಗೆ ಬೆನ್ನುಮೂಳೆಯ ಮುಂದೆ ಸಾಗುವ ಮಹಾಪಧಮನಿಯ ಅಗಲ ಸುಮಾರು 2 ಸೆಂ.ಮೀ. ಅದು 3 ಸೆಂ.ಮೀ. ಮೀರಿ ಉಬ್ಬಿದರೆ ಅನ್ಯೂರಿಸಂ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಈ ಉಬ್ಬು ಒಡೆದರೆ ಹತ್ತರಲ್ಲಿ ಸುಮಾರು ಎಂಟು ಮಂದಿ ಬದುಕುವುದಿಲ್ಲ. ಅನೇಕರು ಆಸ್ಪತ್ರೆ ತಲುಪುವುದೇ ಇಲ್ಲ. ಈ ಸಾವುಗಳನ್ನು ವಿಧಿಯ ಲೆಕ್ಕಕ್ಕೆ ಬರೆದು ಸುಮ್ಮನಿರುವುದು ಸಲ್ಲದು.

ಮೊದಲ ವೈಫಲ್ಯ ರೋಗಪತ್ತೆಯದು. ಹಠಾತ್ ಸೊಂಟನೋವಿನಿಂದ ಬೆವರುತ್ತ ಬಂದ ವೃದ್ಧರಿಗೆ ಮೂತ್ರಪಿಂಡದ ಕಲ್ಲೆಂದು ಭಾವಿಸಿ ನೋವಿನ ಇಂಜೆಕ್ಷನ್ ಕೊಟ್ಟರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಕುಸಿದ ಬಿ.ಪಿ. ಏರಿಸಲೆಂದು ಬಾಟಲಿಗಟ್ಟಲೆ ಸಲೈನ್ ಹರಿಸಿದರೆ ರಕ್ತಸ್ರಾವ ಇನ್ನಷ್ಟು ಹೆಚ್ಚಬಹುದು.

ಎರಡನೆಯದು ದೂರ. ಒಡೆದ ನಾಳವನ್ನು ಸರಿಪಡಿಸಲು ಶಸ್ತ್ರಚಿಕಿತ್ಸಕರು ಹೊಟ್ಟೆ ತೆರೆದು, ಬಿರುಕಿನ ಮೇಲ್ಭಾಗದಲ್ಲಿ ರಕ್ತನಾಳವನ್ನು ಬಿಗಿಹಿಡಿದು, ಕೃತಕ ನಾಳ ಹೊಲಿಯಬೇಕು. ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ಸ್ಟೆಂಟ್ ಕವಚ ಅಳವಡಿಸಬೇಕು. ಅದಕ್ಕೆ ರಕ್ತನಾಳ ತಜ್ಞರು, ಅರಿವಳಿಕೆ ತಜ್ಞರು, ಸಾಕಷ್ಟು ರಕ್ತ ಮತ್ತು ಐಸಿಯು ಏಕಕಾಲಕ್ಕೆ ಒದಗಬೇಕು. ರಾಜ್ಯದಲ್ಲಿ ಇದು ಕೆಲವೇ ನಗರಗಳಿಗೆ ಸೀಮಿತ. ‘ಮೇಲಿನ ಆಸ್ಪತ್ರೆಗೆ ಹೋಗಿ’ ಎಂಬ ಚೀಟಿ ಚಿಕಿತ್ಸೆಯಾಗದು.

ಈ ಚಿಕಿತ್ಸೆ ಹೊಸದೇನಲ್ಲ. ಪ್ಯಾರಿಸ್‌ನಲ್ಲಿ ಶಸ್ತ್ರಚಿಕಿತ್ಸಕ ಶಾರ್ಲ್ ದ್ಯುಬೋಸ್ಟ್ ಉಬ್ಬಿದ ಮಹಾಪಧಮನಿಯನ್ನು ತೆಗೆದು ಬದಲಿ ನಾಳ ಜೋಡಿಸಿದ್ದು 1951ರಲ್ಲಿ. ಉಬ್ಬು ಒಡೆದಾಗ ಶಸ್ತ್ರಚಿಕಿತ್ಸೆ ಬೇಡವೆಂದ ಐನ್‌ಸ್ಟೈನ್ 1955ರಲ್ಲಿ ತೀರಿಕೊಂಡರು. ಆ ನಿರ್ಧಾರ ಅವರದೇ. ಇಂದು ನಮ್ಮ ಗ್ರಾಮೀಣ ರೋಗಿಗೆ ನಿರ್ಧರಿಸುವ ಅವಕಾಶವೂ ಸಿಗುತ್ತಿಲ್ಲ.

ದಾರಿ ಇಲ್ಲದಿಲ್ಲ. ಹೃದಯಾಘಾತಕ್ಕಾಗಿ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳ ತಜ್ಞರೊಂದಿಗೆ ಬೆಸೆದಿದೆ. ಅದೇ ಜಾಲವನ್ನು ಆರೋಗ್ಯ ಇಲಾಖೆ ಈ ತುರ್ತಿಗೂ ವಿಸ್ತರಿಸಬೇಕು. ಆಂಬುಲೆನ್ಸ್ ಹೊರಡುವಾಗಲೇ ತಲುಪುವ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿ ಸಿದ್ಧವಾಗಬೇಕು.

ಒಡೆಯುವ ಮೊದಲೇ ಪತ್ತೆಹಚ್ಚುವುದು ಇನ್ನೂ ಮುಖ್ಯ. ಇಂಗ್ಲೆಂಡ್‌ನಲ್ಲಿ 65 ತುಂಬುವ ಪುರುಷರನ್ನು ಅಲ್ಟ್ರಾಸೌಂಡ್ ತಪಾಸಣೆಗೆ ಕರೆಯುತ್ತಾರೆ. ಪುರುಷರಲ್ಲಿ ಉಬ್ಬು 5.5 ಸೆಂ.ಮೀ. ಮುಟ್ಟಿದರೆ ಸಾಮಾನ್ಯವಾಗಿ ಯೋಜಿತ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಅದರ ಅಪಾಯ ತುರ್ತು ಶಸ್ತ್ರಚಿಕಿತ್ಸೆಗಿಂತ ಬಹಳ ಕಡಿಮೆ. ನಮ್ಮಲ್ಲಿ ಹಿರಿಯರಿಗೆ ಯಾವ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿದರೂ ಮಹಾಪಧಮನಿಯ ಅಳತೆಯನ್ನು ವರದಿಯಲ್ಲಿ ಬರೆಯುವುದನ್ನು ಸರ್ಕಾರ ಕಡ್ಡಾಯಗೊಳಿಸಲಿ. ಹೆಚ್ಚುವರಿ ಯಂತ್ರ ಬೇಕಿಲ್ಲ, ಆದೇಶವೊಂದು ಸಾಕು.

ಧೂಮಪಾನವೇ ಈ ರೋಗದ ಪ್ರಮುಖ ಕಾರಣ. ಬೀಡಿ-ಸಿಗರೇಟು ಸೇದಿದ, 65 ದಾಟಿದ ತಂದೆ, ಅಜ್ಜ ಮನೆಯಲ್ಲಿದ್ದರೆ ಓದುಗರು ವೈದ್ಯರ ಸಲಹೆ ಪಡೆದು ಒಮ್ಮೆ ಸ್ಕ್ಯಾನ್ ಮಾಡಿಸಲಿ. ಉಳಿದ ಹೊಣೆ ಸರ್ಕಾರದ್ದು. ಅದನ್ನು ಮುಂದೂಡಲು ಯಾವ ಸಮರ್ಥನೆಯೂ ಇಲ್ಲ.