ಮಹಡಿ ಮನೆಗಳ ಜಗಳದಲ್ಲಿ ನಮ್ಮ ಪಕ್ಷ ಯಾವುದು?



ಬೆಂಗಳೂರಿನಲ್ಲಿ ಒಂದು ಜಗಳ ನಡೆದಿದೆ. ಬಡಾವಣೆಗಳಲ್ಲಿ ಬಂಗಲೆ ಕಟ್ಟಿಕೊಂಡು ಕೂತವರು ‘ನಮ್ಮ ಬೀದಿಗೆ ಅಪಾರ್ಟ್‌ಮೆಂಟ್ ಬೇಡ, ಜನ ಜಾಸ್ತಿ ಆಗ್ತಾರೆ, ಎಂಥೆಂಥವರೋ ಬಂದು ಸೇರ್ತಾರೆ’ ಅನ್ನುತ್ತಾರೆ. ಬಿಲ್ಡರುಗಳು ‘ಭೂಮಿ ಸಾಲದು, ಮೇಲಕ್ಕೇ ಕಟ್ಟಬೇಕು’ ಅನ್ನುತ್ತಾರೆ. ಎರಡು ಕಡೆಯವರೂ ಪತ್ರಿಕೆಗಳಲ್ಲಿ ಬರೆಯುತ್ತಾರೆ, ಇಬ್ಬರಿಗೂ ವಕೀಲರಿದ್ದಾರೆ. ನಮ್ಮನ್ನು ಯಾರೂ ಕೇಳಿಲ್ಲ. ಆದರೂ ನಮಗೆ ಹೇಳುವುದಿದೆ. ಯಾಕಂದರೆ ಮಹಡಿಗೆ ಗಾರೆ ಹೊತ್ತವರು ನಮ್ಮವರು, ಕಟ್ಟಿದ ಮೇಲೆ ಗುಡಿಸುವವರು ನಮ್ಮವರು, ಕಟ್ಟಲು ಜಾಗ ಬೇಕಾದಾಗ ಎದ್ದು ಹೋಗಿ ಅನ್ನಿಸಿಕೊಳ್ಳುವವರೂ ನಮ್ಮವರೇ.

ಜನಸಂದಣಿ ಅಂದರೆ ನಮಗೇನೂ ಭಯವಿಲ್ಲ. ಊರ ಹೊರಗೆ ಬಯಲಲ್ಲಿ, ಬೇಕಾದಷ್ಟು ಗಾಳಿ ಬೆಳಕಿನಲ್ಲಿ ಕೇರಿ ಇಟ್ಟರಲ್ಲ, ಅಲ್ಲಿ ನಾವೇನು ಸುಖ ಕಂಡೆವು? ಹಳ್ಳಿಯನ್ನು ಹೊಗಳುವವರಿಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಉತ್ತರ ಕೊಟ್ಟಿದ್ದಾರೆ. ಅವರೇ ಮುಂಬೈಯ ಪರೇಲಿನಲ್ಲಿ ಬಿ.ಐ.ಟಿ. ಚಾಳ್‌ನ ಕೋಣೆಗಳಲ್ಲಿ ವರ್ಷಗಟ್ಟಲೆ ಬದುಕಿದವರು, ಗಿರಣಿ ಕೂಲಿಗಳ ನಡುವೆ. 1972ರಲ್ಲಿ ದಲಿತ ಪ್ಯಾಂಥರ್ ಹುಟ್ಟಿದ್ದೂ ಆ ಮುಂಬೈಯಲ್ಲೇ. 1974ರ ಜನವರಿಯಲ್ಲಿ ವರ್ಳಿಯ ಬಿ.ಡಿ.ಡಿ. ಚಾಳ್‌ಗಳಲ್ಲಿ ಗಲಭೆಯಾದಾಗ ಎದುರು ನಿಂತವರು ಅದೇ ಚಾಳ್‌ಗಳ ಹುಡುಗರು. ಒಂದು ಕಟ್ಟಡ, ನಾಲ್ಕು ಅಂತಸ್ತು, 80 ಕೋಣೆ, ಒಂದೊಂದು ಕೋಣೆ 160 ಚದರಡಿ. ಸಂಘ ಕಟ್ಟಬೇಕಾದರೆ ಅಂಥ ಜಾಗದಲ್ಲಿ ಕರಪತ್ರ ಹಂಚಲು ಅರ್ಧ ಗಂಟೆ ಸಾಕು.

ಇನ್ನೊಂದು ಮಾತು. ಎತ್ತರ ಬೇರೆ, ಸಂದಣಿ ಬೇರೆ. ಕಾರ್ಪೊರೇಷನ್ನಿನವರು ಎಫ್.ಎ.ಆರ್. ಅನ್ನುತ್ತಾರಲ್ಲ, ಅದರ ಲೆಕ್ಕ ಇಷ್ಟೇ: ಎಫ್.ಎ.ಆರ್. 2 ಅಂದರೆ ಸಾವಿರ ಚದರಡಿ ನೆಲಕ್ಕೆ ಎಲ್ಲ ಮಹಡಿ ಸೇರಿ ಎರಡು ಸಾವಿರ ಚದರಡಿ ಕಟ್ಟಬಹುದು. ಆ ಎರಡು ಸಾವಿರದಲ್ಲಿ ಒಬ್ಬ ಸಾಹುಕಾರನ ಒಂದೇ ಫ್ಲಾಟ್ ಇರಬಹುದು, ಐದು ಬಡ ಸಂಸಾರಗಳೂ ಇರಬಹುದು. ಆಕಾಶ ಮುಟ್ಟುವ ಗೋಪುರ ಕಂಡು ‘ಅಬ್ಬಾ, ಎಷ್ಟು ಜನ!’ ಅನ್ನುವವರು ಅದರ ಪಕ್ಕದ ಶೀಟಿನ ಮನೆಗಳಲ್ಲಿ ಅದಕ್ಕಿಂತ ಜನ ಇರುವುದನ್ನು ಎಣಿಸಿಯೇ ಇಲ್ಲ.

ಹಾಗಾದರೆ ಬಂಗಲೆಯವರ ದೂರೆಲ್ಲ ಸುಳ್ಳೇ? ಇಲ್ಲ. ನೀರಿನ ವಿಷಯದಲ್ಲಿ ನಿಜ ಇದೆ. ನೂರು ಕಿಲೋಮೀಟರ್ ದೂರದಿಂದ ಪಂಪು ಹಾಕಿ ಕಾವೇರಿ ನೀರು ತರುವ ಊರು ಇದು. ಆ ನೀರು ಸಾಲದ ಕಡೆ ನೂರಾರು ಫ್ಲಾಟು ಎದ್ದರೆ ಅವರು ಆಳದ ಬೋರು ಕೊರೆಸುತ್ತಾರೆ, ಟ್ಯಾಂಕರ್ ತರಿಸುತ್ತಾರೆ. 2024ರ ಬೇಸಿಗೆಯಲ್ಲಿ ಫ್ಲಾಟಿನವರ ಪರದಾಟ ದಿನಾ ಪೇಪರಿನಲ್ಲಿ ಬಂತು. ಬೀದಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕೂತ ಅಕ್ಕಂದಿರಿಗೆ ಅದೇನು ಹೊಸ ಸುದ್ದಿಯೇ? ಅವರಿಗೆ ಪ್ರತಿ ವರ್ಷವೂ 2024.

ಆದರೆ ‘ಎಂಥೆಂಥವರೋ’ ಅನ್ನುವ ಮಾತು ನೀರಿನದ್ದಲ್ಲ. ನಮ್ಮ ಗೆಳೆಯನೊಬ್ಬ ಡಿಗ್ರಿ ಮುಗಿಸಿ ಕೆಲಸ ಸಿಕ್ಕಿ ರೂಮು ಹುಡುಕಲು ಹೋದ. ಮೊದಲ ಪ್ರಶ್ನೆ: ‘ಯಾವ ಊರಪ್ಪಾ?’ ಎರಡನೆಯದು: ‘ಊಟ ವೆಜ್ಜೋ ನಾನ್‌ವೆಜ್ಜೋ?’ ಮೂರನೆಯದು: ‘ನೀವು ಯಾವ ಪೈಕಿ?’ ನಾಲ್ಕನೆಯ ಪ್ರಶ್ನೆ ಇರಲಿಲ್ಲ, ಮನೆ ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತಂತೆ! ಸುಖದೇವ್ ಥೋರಟ್ ಮತ್ತು ಸಂಗಡಿಗರು ದಿಲ್ಲಿಯ ಸುತ್ತಮುತ್ತ ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಕೆಲಸ ಒಂದೇ, ಯೋಗ್ಯತೆ ಒಂದೇ, ಬಾಡಿಗೆ ಕೇಳಿದವರ ಹೆಸರು ಮಾತ್ರ ಬೇರೆ. ಮೇಲ್ಜಾತಿ ಹೆಸರಿಗೆ ಬಾಗಿಲು ತೆರೆಯಿತು, ದಲಿತ ಹೆಸರಿಗೆ ಎಷ್ಟೋ ಕಡೆ ಮುಚ್ಚಿತು, ಮುಸ್ಲಿಂ ಹೆಸರಿಗೆ ಇನ್ನೂ ಹೆಚ್ಚು ಮುಚ್ಚಿತು. ಬಂಗಲೆಯಾಗಲಿ ಹತ್ತು ಮಹಡಿಯಾಗಲಿ, ಈ ಬಾಗಿಲು ಒಂದೇ. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಕೆಲಸದವರಿಗೆ ಬೇರೆ ಲಿಫ್ಟೂ ಸೇರಿಕೊಂಡಿದೆ. ಊರಲ್ಲಿ ಹೋಟೆಲಿನ ಬೇರೆ ಲೋಟ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬಿಲ್ಡರನ ಮಾತಿಗೆ ಬರೋಣ. ‘ಗುಡಿಸಲು ಬಿಟ್ಟು ಮಹಡಿಗೆ ಬನ್ನಿ’ ಅಂತ ಅವನೂ ಸರ್ಕಾರವೂ ಒಟ್ಟಿಗೆ ಕರೆದಾಗ ಏನಾಯಿತು ಅಂತ ಕೇಳುವವರು ಕೋರಮಂಗಲದ ಪಕ್ಕದ ಈಜಿಪುರವನ್ನು ನೆನೆಯಬೇಕು. ಅಲ್ಲಿ ಸುಮಾರು 15 ಎಕರೆ ಸಾರ್ವಜನಿಕ ಜಾಗದಲ್ಲಿ ಬಡವರಿಗೆಂದೇ ಕಟ್ಟಿದ ಕ್ವಾರ್ಟರ್ಸ್ ಇತ್ತು. ಮಹಡಿ ಮನೆಗಳೇ. ಎಷ್ಟು ಚೆನ್ನಾಗಿ ಕಟ್ಟಿದ್ದರೆಂದರೆ ಕಟ್ಟಿದ ಕೆಲವೇ ವರ್ಷಗಳಲ್ಲಿ ಗೋಡೆ ಬಿರಿದವು, 2007ರಲ್ಲಿ ಬ್ಲಾಕು ಕುಸಿಯಿತು. ಉಳಿದದ್ದನ್ನು ಅಪಾಯ ಅಂತ ಕೆಡವಿದರು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಕಾದರು, ಮತ್ತೆ ಕಟ್ಟಿಕೊಡ್ತಾರೆ ಅಂತ. ಅಷ್ಟರಲ್ಲಿ ಕೋರಮಂಗಲದ ನೆಲಕ್ಕೆ ಚಿನ್ನದ ಬೆಲೆ ಬಂದಿತ್ತು. ಖಾಸಗಿ ಕಂಪನಿಯ ಜೊತೆ ಒಪ್ಪಂದ ಆಯಿತು. ಸರಿಸುಮಾರು ಅರ್ಧ ಜಾಗದಲ್ಲಿ ಬಡವರಿಗೆ ಮನೆ, ಅರ್ಧ ಜಾಗದಲ್ಲಿ ಮಾಲು! ಸಾರ್ವಜನಿಕ ಭೂಮಿಯಲ್ಲಿ ಬಡವನ ಹೆಸರು ಹೇಳಿ ಮಾಲು.

2013ರ ಜನವರಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಜೆ.ಸಿ.ಬಿ. ಬಿಟ್ಟರು. ಸಾವಿರಕ್ಕೂ ಹೆಚ್ಚು ಸಂಸಾರ ಬೀದಿಗೆ ಬಿತ್ತು. ದಲಿತರು, ಮುಸ್ಲಿಮರು, ತಮಿಳು ಕೂಲಿಗಳು. ಶಾಲೆ ವರ್ಷದ ನಡುವೆ, ಚಳಿಯಲ್ಲಿ. ಎಷ್ಟೋ ಜನ ಪಾತ್ರೆ ಪಗಡ ಇಟ್ಟುಕೊಂಡು ಪಕ್ಕದ ಫುಟ್‌ಪಾತಿನಲ್ಲೇ ತಿಂಗಳುಗಟ್ಟಲೆ ಮಲಗಿದರು. ಯಾಕೆ ದೂರ ಹೋಗಲಿಲ್ಲ ಅಂತ ಕೇಳುವ ಜಾಣರಿದ್ದಾರೆ. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗುತ್ತೆ, ಸ್ವಾಮಿ! ಆಮೇಲೆ ಕೆಲವರನ್ನು ಸರ್ಜಾಪುರ ರಸ್ತೆಯ ಕಡೆ ಸೂಲಿಕುಂಟೆಯ ಫ್ಲಾಟುಗಳಿಗೆ ಕಳಿಸಿದರು. ಗೋಡೆ ಸಿಮೆಂಟಿನದ್ದು, ಸರಿ. ಆರು ಗಂಟೆಯ ಕೆಲಸಕ್ಕೆ ನಾಲ್ಕಕ್ಕೆ ಏಳಬೇಕು, ಬಸ್ಸಿನ ದುಡ್ಡು ಕಳೆದರೆ ಕೂಲಿಯಲ್ಲಿ ಎಷ್ಟು ಉಳಿಯಿತು?

ಈಗ ವರ್ಳಿಗೆ ವಾಪಸ್ ಹೋಗೋಣ. ಅದೇ ಬಿ.ಡಿ.ಡಿ. ಚಾಳ್‌ಗಳನ್ನು ಕೆಡವಿ ಗೋಪುರ ಕಟ್ಟುತ್ತಿದ್ದಾರೆ. 2025ರ ಆಗಸ್ಟಿನಲ್ಲಿ ಮೊದಲ 556 ಸಂಸಾರಗಳಿಗೆ ಕೀಲಿಕೈ ಕೊಟ್ಟರು. 160 ಚದರಡಿ ಇದ್ದವರಿಗೆ 500 ಚದರಡಿ, ಮಾಲೀಕತ್ವ ಅವರದ್ದೇ, ಜಾಗ ಅದೇ ವರ್ಳಿ. ಅಲ್ಲೂ ಉಳಿದ ಜಾಗದಲ್ಲಿ ಮಾರಾಟಕ್ಕೆಂದು ಕಟ್ಟುವುದು ಇದ್ದೇ ಇದೆ, ಲಿಫ್ಟಿನ ಖರ್ಚು, ಮೇಂಟೆನೆನ್ಸ್ ಅನ್ನುವ ಹೊಸ ಹೊರೆಯೂ ಇದೆ. ಎಲ್ಲ ಸರಿಯಾಯಿತು ಅಂತ ನಾವು ಹಾಡಿ ಹೊಗಳುವುದಿಲ್ಲ. ಆದರೆ ಅಲ್ಲಿಯವರು ಏಳಲಿಲ್ಲ. ಅಲ್ಲಿಯೂ ಮಹಡಿ, ಈಜಿಪುರದಲ್ಲೂ ಮಹಡಿ. ಒಂದು ಕಡೆ ಚಾಳ್‌ನವರು ಒಗ್ಗಟ್ಟಾಗಿ ನೂರು ವರ್ಷದ ಬಾಡಿಗೆ ಹಕ್ಕು ಹಿಡಿದು ನಿಂತಿದ್ದರು. ಇನ್ನೊಂದು ಕಡೆ ಕೈಯಲ್ಲಿದ್ದ ಚೀಟಿಯನ್ನು ಜೆ.ಸಿ.ಬಿ. ಓದಲಿಲ್ಲ.

ಆದ್ದರಿಂದ ಈ ಸಂಚಿಕೆಯಲ್ಲಿ ನಮ್ಮ ಪಕ್ಷವನ್ನು ಬಿಚ್ಚಿ ಹೇಳುತ್ತಿದ್ದೇವೆ. ಮಹಡಿ ಕಟ್ಟಲಿ, ಹತ್ತಾದರೂ ಕಟ್ಟಲಿ. ಇದ್ದವರಿಗೆ ಇದ್ದ ನೆಲದ ಮೇಲೇ ಮೊದಲ ಮನೆ. ಕೆಡವುವ ಮೊದಲೇ ಕೈಗೆ ಹಕ್ಕುಪತ್ರ, ಅದೂ ಹೆಂಗಸಿನ ಹೆಸರು ಸೇರಿಸಿ. ಮಾಲಿಗೆ ಒಂದು ಗುಂಟೆಯೂ ಇಲ್ಲ.

ಇದರ ಜೊತೆಗೆ ಇನ್ನೊಂದು ಶರತ್ತು. ಯಾವ ಬಡಾವಣೆ ಸಂಘವೂ ಯಾವ ಬಿಲ್ಡರನೂ ಅದನ್ನು ಎತ್ತುವುದಿಲ್ಲ. ದೊಡ್ಡ ಅಪಾರ್ಟ್‌ಮೆಂಟಿನ ಕೆಳಗೆ ಒಂದು ಗುಂಡಿ ಇರುತ್ತದೆ, ಎಸ್.ಟಿ.ಪಿ. ಅಂತಾರೆ. ಮಹಡಿ ಮಹಡಿಯ ಕಕ್ಕಸಿನ ನೀರು ಶುದ್ಧವಾಗಬೇಕಾದದ್ದು ಅಲ್ಲಿ. ಅದು ಕಟ್ಟಿಕೊಂಡಾಗ ಯಂತ್ರ ತರಿಸಲು ಜಿಪುಣತನ, ಮನುಷ್ಯನನ್ನು ಇಳಿಸಲು ಧಾರಾಳ. 2018ರ ಜನವರಿಯಲ್ಲಿ ಸೋಮಸುಂದರಪಾಳ್ಯದ ಒಂದು ಅಪಾರ್ಟ್‌ಮೆಂಟಿನಲ್ಲಿ ಹೀಗೆ ಮೂವರು ಉಸಿರುಗಟ್ಟಿ ಸತ್ತರು. 2013ರ ಕಾಯ್ದೆ ಇದನ್ನು ಅಪರಾಧ ಅನ್ನುತ್ತದೆ. ಸತ್ತವರ ಮನೆಗೆ 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಿ. ಬಸವಲಿಂಗಪ್ಪನವರು ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. (ಅವರ ‘ಬೂಸಾ’ ಮಾತು ಮಾತ್ರ ನೆನಪಿಟ್ಟವರು ಇದನ್ನು ಮರೆತಿದ್ದಾರೆ.) ತಲೆ ಮೇಲಿಂದ ಇಳಿದದ್ದರೊಳಗೆ ಈಗ ನಮ್ಮವರನ್ನೇ ಇಳಿಸುತ್ತಿದ್ದಾರೆ.

ಓದುವ ಹುಡುಗ ಹುಡುಗಿಯರು ಇಲ್ಲಿ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಹಾಸ್ಟೆಲ್ಲಿನ ಹತ್ತಿರ ಒಂದಲ್ಲ ಒಂದು ಸ್ಲಮ್ಮು ಇದ್ದೇ ಇರುತ್ತದೆ, ನಿಮ್ಮಲ್ಲಿ ಕೆಲವರು ಅಲ್ಲಿಂದಲೇ ಬಂದವರು. ಒಂದು ಭಾನುವಾರ ಹೋಗಿ. 1973ರ ಕೊಳಚೆ ಪ್ರದೇಶ ಕಾಯ್ದೆಯಲ್ಲಿ ಆ ಜಾಗ ಘೋಷಣೆಯಾಗಿದೆಯಾ, ನೆಲ ಯಾರ ಹೆಸರಲ್ಲಿದೆ, ಮನೆಯವರ ಕೈಯಲ್ಲಿ ಯಾವ ಕಾಗದ ಇದೆ, ಇತ್ತೀಚೆಗೆ ಯಾರಾದರೂ ಅಳತೆ ಟೇಪು ಹಿಡಿದು ಬಂದಿದ್ದರಾ ಕೇಳಿ. ಹಿರಿಯರ ಜೊತೆ ಕೂತು ಬರೆದುಕೊಳ್ಳಿ, ಕಾಗದಗಳ ನಕಲು ಎರಡು ಕಡೆ ಇಡಿಸಿ. ಬರೆದದ್ದನ್ನು ಮುಂದಿನ ಸಭೆಗೆ ತನ್ನಿ. ಒಂದು ಹಾಳೆ ಸಾಕು, ಅಕ್ಷರ ಬಿಡಿಸಿ ಬರೆಯಿರಿ.